ಸಹಿಗಾಗಿ ಕಾಯುವುದು ಸಂಶೋಧನೆಯಲ್ಲ!

ಸಂಶೋಧನಾರ್ಥಿ ಗೆಳೆಯರೇ, ಗೆಳತಿಯರೇ,

ಯಾವುದೇ ವಿಭಾಗದ ಕಾರಿಡಾರಿಗೆ ಹೋಗಿ ನೋಡಿ. ಬೆಂಚಿನ ಮೇಲೊಬ್ಬರು ಕೂತಿರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರು, ಅದರೊಳಗೆ ಪ್ರೋಗ್ರೆಸ್ ರಿಪೋರ್ಟು, ಸಹಿ ಬೀಳಬೇಕಾದ ಕಡೆ ಪೆನ್ಸಿಲ್ಲಿನ ಇಂಟು ಗುರುತು. ಗೈಡ್ ಒಳಗೇ ಇದ್ದಾರೆ. "ಸರ್ ಬ್ಯುಸಿ, ನಾಳೆ ಬನ್ನಿ" ಎನ್ನುತ್ತಾರೆ ಅಟೆಂಡರ್. ಆ ಸಹಿಯಿಲ್ಲದೆ ಫೆಲೋಶಿಪ್ ಬಿಲ್ಲು ಮುಂದಕ್ಕೆ ಹೋಗದು. ಮೆಸ್ ಬಿಲ್ಲು ಮಾತ್ರ ತಿಂಗಳು ತಪ್ಪದೆ ಬರುತ್ತದೆ.

ಈ ನಡುವೆ ಗೈಡ್ ಅವರ ಸೆಮಿನಾರ್ ಪೇಪರು ಟೈಪು ಮಾಡಬೇಕು, ಇಂಟರ್ನಲ್ ಅಂಕ ತುಂಬಬೇಕು, ಅವರ ಮನೆ ಕರೆಂಟ್ ಬಿಲ್ಲನ್ನೂ ಕಟ್ಟಬೇಕು. ಇದಕ್ಕೆ ಗುರುಸೇವೆ ಎಂಬ ಹೆಸರು ಬೇರೆ!

ಅಧ್ಯಾಯವನ್ನು ಸಾಲು ಸಾಲಾಗಿ ತಿದ್ದಿ, ಶಿಷ್ಯರ ಬೆಳವಣಿಗೆಗೆ ಹಿಗ್ಗುವ ಗೈಡ್‌ಗಳೂ ನಮ್ಮಲ್ಲಿದ್ದಾರೆ. ಅವರಿಗೆ ನಮಸ್ಕಾರ. ಆದರೆ ಅಂಥವರು ಸಿಗುವುದು ಹಣೆಬರಹದ ಮಾತಾಗಬಾರದು. ನಿಯಮ ಇರುವುದೇ ಅದಕ್ಕೆ.

ಯುಜಿಸಿ ಪಿಎಚ್.ಡಿ. ನಿಯಮಾವಳಿ 2022 ಹೇಳುವುದೇನು?

● ಪ್ರತಿ ಸೆಮಿಸ್ಟರ್‌ನಲ್ಲಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ನೀವು ಪ್ರಗತಿ ಮಂಡಿಸಬೇಕು. ಅದು ಸಾಲದೆನಿಸಿದರೆ ಸಮಿತಿ ಕಾರಣ ದಾಖಲಿಸಿ, ಸರಿಪಡಿಸುವ ದಾರಿ ಹೇಳಬೇಕು.
● ಏಕಕಾಲಕ್ಕೆ ಪ್ರೊಫೆಸರ್ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಮಂದಿಗಷ್ಟೇ ಮಾರ್ಗದರ್ಶನ ಮಾಡಬಹುದು.
● ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ.
● ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಸೇರಿದರೆ 8. ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ 10 ವರ್ಷದವರೆಗೆ ಅವಕಾಶ ಕೊಡಬಹುದು.
● ಹೆರಿಗೆ, ಮಕ್ಕಳ ಆರೈಕೆಗೆ ಮಹಿಳೆಯರಿಗೆ ಒಟ್ಟು 240 ದಿನಗಳವರೆಗೆ ರಜೆ ಸಿಗಬಹುದು.

ಗಡುವು ಇರುವುದು ಕಾಯುವವರಿಗೆ. ಕಾಯಿಸುವವರಿಗೆ ಯಾವ ಗಡುವೂ ಇಲ್ಲ. ಹಾಗಾಗಿ ಬಾಯಿಮಾತು ನಂಬಿ ಕೂರಬೇಡಿ, ಎಲ್ಲವನ್ನೂ ಬರಹದಲ್ಲಿಡಿ.

ಇಂದೇ ಶುರುಮಾಡಿ

● ಗೈಡ್ ಅವರನ್ನು ಕಂಡು ಬಂದ ಸಂಜೆಯೇ ಮೇಲ್ ಹಾಕಿ: "ಮೇಡಂ, ಎರಡನೇ ಅಧ್ಯಾಯದ ಬಗ್ಗೆ ತಾವು ಇಂದು ಹೇಳಿದ್ದು ಇಷ್ಟು. ಮುಂದಿನ ತಿಂಗಳ ಹತ್ತರೊಳಗೆ ತಿದ್ದಿ ಕೊಡುತ್ತೇನೆ." ಇದರಲ್ಲಿ ಅಗೌರವವೇನೂ ಇಲ್ಲ. ನಾಳೆ "ಇವರು ಏನೂ ಬರೆದಿಲ್ಲ" ಎಂಬ ಮಾತು ಬಂದರೆ ಈ ಮೇಲೇ ಸಾಕ್ಷಿ.
● ಹೊಸದಾಗಿ ಸೇರುವವರು ಹಳಬರನ್ನು ವಿಚಾರಿಸಿ. ಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ವಾಪಸು ಬರುತ್ತದೆ? ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿ ಅರ್ಧಕ್ಕೆ ಬಿಟ್ಟರು?
● ಮಾತಿನಲ್ಲಿ ಬಗೆಹರಿಯದಿದ್ದರೆ ಸಲಹಾ ಸಮಿತಿಗೆ ಬರೆಯಿರಿ. ಅಲ್ಲಿಯೂ ಆಗದಿದ್ದರೆ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇದೆ. ಯುಜಿಸಿಯ 2023ರ ನಿಯಮದಂತೆ ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಿ.
● ಲೈಂಗಿಕ ಕಿರುಕುಳವಾದರೆ ನೇರವಾಗಿ ಆಂತರಿಕ ದೂರು ಸಮಿತಿಗೆ ಹೋಗಿ. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಿ.

ನಮ್ಮ ಬೇಡಿಕೆಗಳು

1. ಸಲಹಾ ಸಮಿತಿ ಸಭೆಯ ದಿನಾಂಕವನ್ನು ಸೆಮಿಸ್ಟರ್ ಆರಂಭದಲ್ಲೇ ನೋಟಿಸ್ ಬೋರ್ಡಿಗೆ ಹಾಕಿ.
2. ಕೊಟ್ಟ ಪ್ರತಿ ಅಧ್ಯಾಯಕ್ಕೂ ಅರ್ಜಿಗೂ ಸ್ವೀಕೃತಿ ಕೊಡಿ. 15 ದಿನದಲ್ಲಿ ಸಹಿ ಹಾಕಿ, ಇಲ್ಲವೇ ಹಾಕದ ಕಾರಣ ಬರೆದುಕೊಡಿ.
3. ಗೈಡ್ ಬದಲಾವಣೆ ಕೋರಿದವರಿಗೆ ಅದೇ ಗೈಡ್‌ನಿಂದ ಎನ್ಒಸಿ ತರಲು ಹೇಳಬೇಡಿ.

ಒಬ್ಬರು ಕೇಳಿದರೆ ತಲೆಹರಟೆ ಎನ್ನುತ್ತಾರೆ, ಎಲ್ಲರೂ ಕೇಳಿದರೆ ಸಭೆ ಕರೆಯುತ್ತಾರೆ. ಈ ಶನಿವಾರ ಸಂಜೆ 5 ಗಂಟೆಗೆ ಗ್ರಂಥಾಲಯದ ಮುಂದೆ ಸೇರೋಣ. ಬಾಕಿ ಉಳಿದ ಅರ್ಜಿಗಳ ಜೆರಾಕ್ಸ್ ತನ್ನಿ. ಪಟ್ಟಿ ಮಾಡಿ, ಮನವಿಯೊಂದಿಗೆ ಸೋಮವಾರ ಕುಲಸಚಿವರ ಕೈಗೆ ಕೊಟ್ಟು ಸ್ವೀಕೃತಿ ಪಡೆದೇ ಬರೋಣ.

ಇಂತಿ,
ಈ ಕ್ಯಾಂಪಸ್ಸಿನ ಸಂಶೋಧನಾರ್ಥಿಗಳು

(ಓದಿದ ಮೇಲೆ ಪಕ್ಕದ ರೂಮಿಗೆ ಕೊಡಿ)