450 ಕಿ.ಮೀ. ದೂರದ ಊರಿಗೆ 1,335 ಕಿ.ಮೀ. ದಾರಿ

ನಾಸಿಕ್ ಜಿಲ್ಲೆಯ ದಿಂಡೋರಿಯಲ್ಲಿ ನನ್ನ ನೌಕರಿ. ಊರು ಕಲಬುರಗಿ ಜಿಲ್ಲೆಯ ಆಳಂದ ಕಡೆ. ನಕಾಶೆ ನೋಡಿದರೆ ದೂರವೇನಲ್ಲ. ಇಲ್ಲಿಗೆ ಹತ್ತಿರದ ಓಝರ್ ವಿಮಾನ ನಿಲ್ದಾಣದಿಂದ ಕಲಬುರಗಿ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಸುಮಾರು 450 ಕಿ.ಮೀ., ಬೀದರ್‌ಗೂ ಹೆಚ್ಚುಕಡಿಮೆ ಅಷ್ಟೇ, ಬೆಳಗಾವಿಗೆ 480. ಸಣ್ಣ ವಿಮಾನಕ್ಕೆ ಒಂದು ತಾಸಿನ ಹಾದಿ.

ಆದರೆ ಕಲಬುರಗಿಗೆ ಇಲ್ಲಿಂದ ನೇರ ವಿಮಾನವಿಲ್ಲ. ವಿಮಾನದಲ್ಲೇ ಹೋಗಬೇಕೆಂದರೆ 870 ಕಿ.ಮೀ. ದೂರದ ಬೆಂಗಳೂರಿಗೆ ಇಳಿದು, ಅಲ್ಲಿಂದ ಮತ್ತೆ 465 ಕಿ.ಮೀ. ಮೇಲಕ್ಕೆ ಬರಬೇಕು. ಒಟ್ಟು 1,335 ಕಿ.ಮೀ. ಅದೂ ಆ ದಿನ ಎರಡನೇ ವಿಮಾನ ಇದ್ದರೆ! ಹೀಗಾಗಿ ನಮ್ಮ ಪಾಲಿನ ವಿಮಾನ ನಿಲ್ದಾಣ ಎಂದರೆ ಮನ್ಮಾಡ್ ಜಂಕ್ಷನ್. ಕಲಬುರಗಿ ಕಡೆಯವರಿಗೆ ಕರ್ನಾಟಕ ಎಕ್ಸ್‌ಪ್ರೆಸ್, ಬೆಳಗಾವಿ ಕಡೆಯವರಿಗೆ ಗೋವಾ ಎಕ್ಸ್‌ಪ್ರೆಸ್.

ಹಬ್ಬ, ಮದುವೆಗೆ ರೈಲು ಸಾಕು. ತಿಂಗಳ ಮೊದಲೇ ಟಿಕೆಟ್ ಮಾಡಿಸಬಹುದು. ಸಾವಿಗೆ ಯಾರು ಮೊದಲೇ ಟಿಕೆಟ್ ಮಾಡಿಸುತ್ತಾರೆ? ಊರಿನಿಂದ ಆ ಸುದ್ದಿ ಬಂದಾಗ ನಾವು ಮೊದಲು ಕೇಳುವ ಪ್ರಶ್ನೆ ‘ಮಣ್ಣು ಎಷ್ಟೊತ್ತಿಗೆ?’. ನಮ್ಮ ಕಡೆ ಬಹಳ ಹೊತ್ತು ಕಾಯಿಸುವುದಿಲ್ಲ. ಬೆಳಿಗ್ಗೆ ಹೊರಟವನು ಸಂಜೆಯೊಳಗೆ ಮಣ್ಣಿಗೆ ಮುಟ್ಟುತ್ತಾನೋ ಇಲ್ಲವೋ, ಪರಸ್ಥಳದಲ್ಲಿ ಇರುವವರಿಗೆ ದೂರದ ಲೆಕ್ಕ ಇಷ್ಟೇ.

ಓಝರ್‌ನಲ್ಲಿ ವಿಮಾನಗಳಿಗೇನೂ ಬರವಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಎಚ್‌ಎಎಲ್ ಇಲ್ಲಿ ಮಿಗ್-21 ಕಟ್ಟಿತು, ಸುಖೋಯ್-30 ಕಟ್ಟಿತು. 2025ರ ಅಕ್ಟೋಬರ್‌ನಲ್ಲಿ ಇಲ್ಲಿ ತಯಾರಾದ ತೇಜಸ್ ಕೂಡ ಹಾರಿತು. ಕಲಬುರಗಿ ನಿಲ್ದಾಣ 2019ರಲ್ಲಿ, ಬೀದರ್‌ನ ನಾಗರಿಕ ವಿಮಾನ ಸೇವೆ 2020ರಲ್ಲಿ ಶುರುವಾದವು. ರನ್‌ವೇ ಎರಡೂ ಕಡೆ ಇದೆ. ಇಲ್ಲದಿರುವುದು ನಡುವಿನ ಮಾರ್ಗ.

ಅಂಥ ಮಾರ್ಗ ಸಾಧ್ಯವೇ ಇಲ್ಲ ಎನ್ನುವಂತಿಲ್ಲ. 2021ರ ಜನವರಿಯಲ್ಲಿ ಉಡಾನ್ ಯೋಜನೆಯಡಿ ಬೆಳಗಾವಿ–ನಾಸಿಕ್ ನಡುವೆ ಸ್ಟಾರ್ ಏರ್‌ನ 50 ಆಸನಗಳ ವಿಮಾನ ಹಾರಿತು. ಆದರೆ ಉಡಾನ್‌ನಲ್ಲಿ ಒಂದು ಮಾರ್ಗಕ್ಕೆ ಸಹಾಯಧನ ಸಿಗುವುದು ಮೂರೇ ವರ್ಷ. ಆಮೇಲೆ ಅದು ಟಿಕೆಟ್ ದುಡ್ಡಿನಿಂದಲೇ ನಡೆಯಬೇಕು. ಸಣ್ಣ ಊರುಗಳ ನಡುವಿನ ಮಾರ್ಗಕ್ಕೆ ಇದು ಸುಲಭವಲ್ಲ. ಅದಕ್ಕೇ ಕಂಪನಿಗಳು ಮಹಾನಗರಗಳ ಕಡೆಗೆ ವಾಲುತ್ತವೆ.

‘ಅಷ್ಟು ಪ್ರಯಾಣಿಕರು ಎಲ್ಲಿದ್ದಾರೆ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ದಿನಾಲೂ ವಿಮಾನ ತುಂಬಿಸುವಷ್ಟು ಜನ ನಾವಿಲ್ಲ. ಹಾಗಾಗಿ ದಿನಾಲೂ ಬೇಕೆಂದು ನಾನು ಕೇಳುವುದಿಲ್ಲ. ನಾಸಿಕ್, ಛತ್ರಪತಿ ಸಂಭಾಜಿನಗರ, ಕಲಬುರಗಿ ಮೂರನ್ನೂ ಒಂದೇ ವಿಮಾನ ವಾರಕ್ಕೆ ಎರಡು ಮೂರು ಸಲ ಮುಟ್ಟಲಿ. ಸಂಭಾಜಿನಗರದಿಂದ ಕಲಬುರಗಿಗೆ ಬರೀ 330 ಕಿ.ಮೀ. ಇಲ್ಲಿನ ಕಾರ್ಖಾನೆಗಳ ನೌಕರರು, ಅಲ್ಲಿನ ವ್ಯಾಪಾರಿಗಳು, ಎಲ್ಲೋರಾ ನೋಡಬೇಕೆನ್ನುವ ಪ್ರವಾಸಿಗರು ಸೇರಿದರೆ 50 ಆಸನ ಬಹಳವೇನಲ್ಲ.

10 ವರ್ಷಗಳಲ್ಲಿ 120 ಹೊಸ ತಾಣಗಳಿಗೆ ವಿಮಾನ ಸಂಪರ್ಕ ಕೊಡುತ್ತೇವೆ ಎಂದು ಕೇಂದ್ರ 2025ರ ಬಜೆಟ್‌ನಲ್ಲಿ ಹೇಳಿದೆ. ಹೊಸ ತಾಣ ಬರಲಿ. ಅದಕ್ಕೂ ಮೊದಲು, ಈಗಾಗಲೇ ಕಟ್ಟಿರುವ ನಿಲ್ದಾಣಗಳನ್ನು ಒಂದಕ್ಕೊಂದು ಜೋಡಿಸಲಿ. ಕರ್ನಾಟಕ, ಮಹಾರಾಷ್ಟ್ರ ಸರ್ಕಾರಗಳು ಮೂರು ವರ್ಷದ ನಂತರದ ಕೊರತೆಯನ್ನು ಹಂಚಿಕೊಳ್ಳಲಿ. ನಾಸಿಕ್, ಸಂಭಾಜಿನಗರದಲ್ಲಿರುವ ಕನ್ನಡಿಗರು ವರ್ಷಕ್ಕೆ ಎಷ್ಟು ಸಲ ಊರಿಗೆ ಹೋಗುತ್ತೇವೆ ಎಂಬ ಲೆಕ್ಕ ಬರೆದು ಎರಡೂ ಕಡೆಯ ಸಂಸದರ ಕೈಗೆ ಕೊಡೋಣ. ನಾವು ಕೇಳದಿದ್ದರೆ ಈ ಮಾರ್ಗ ಯಾರ ಪಟ್ಟಿಗೂ ಸೇರುವುದಿಲ್ಲ.