ಬೆಂಕಿ ಸುದ್ದಿಯಲ್ಲಿ ಗಾಳಿ ಎಲ್ಲಿ?

ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಯಾವುದೇ ಜಿಲ್ಲಾ ಪುಟ ತೆಗೆಯಿರಿ. ‘ಆಕಸ್ಮಿಕ ಬೆಂಕಿ: ಕಬ್ಬು ಭಸ್ಮ.’ ‘ಕಿಡಿಗೇಡಿಗಳ ಕೃತ್ಯ: ಮೇವಿನ ಬಣವೆ ಆಹುತಿ.’ ಎಷ್ಟು ಎಕರೆ, ಎಷ್ಟು ಲಕ್ಷ, ಅಗ್ನಿಶಾಮಕ ವಾಹನ ಎಷ್ಟು ತಡವಾಗಿ ಬಂತು, ತಹಶೀಲ್ದಾರರು ಭೇಟಿ ಕೊಟ್ಟರೇ ಇಲ್ಲವೇ, ಎಲ್ಲ ಇರುತ್ತದೆ. ಗಾಳಿ ಮಾತ್ರ ಇರುವುದಿಲ್ಲ. ಬೆಂಕಿ ಹಚ್ಚಿದ್ದು ಎಷ್ಟು ಹೊತ್ತಿಗೆ, ಹೊಲದ ಯಾವ ತುದಿಗೆ, ಆಗ ಗಾಳಿ ಯಾವ ಕಡೆಯಿಂದ ಇತ್ತು? ಇಷ್ಟು ಹೇಳದ ಬೆಂಕಿ ಸುದ್ದಿ ಅರ್ಧ ಸುದ್ದಿ ಎಂಬುದು ನಮ್ಮ ವಾದ. ನಮ್ಮಲ್ಲಿ ಕೆಲವರು ಈ ಸಾಲನ್ನು ಬರೆದು ಕಳಿಸಿದ್ದೂ ಉಂಟು. ಡೆಸ್ಕಿನಲ್ಲಿ ಜಾಗ ಸಾಲದಾದಾಗ ಮೊದಲು ಹೋಗುವುದು ಅದೇ ಸಾಲು. ಕಿಡಿಗೇಡಿ ಉಳಿದುಕೊಳ್ಳುತ್ತಾನೆ.

ಕಬ್ಬು ಕಟಾವಾದ ಮೇಲೆ ಹೊಲದಲ್ಲಿ ಮೊಣಕಾಲುದ್ದ ರವದಿ ಬಿದ್ದಿರುತ್ತದೆ. ಕಾಗದದಷ್ಟು ಹಗುರ. ಮಧ್ಯಾಹ್ನ ನೆಲ ಕಾದು ಗಾಳಿ ಎದ್ದಾಗ ಕಡ್ಡಿ ಗೀರಿದರೆ ಜ್ವಾಲೆ ನೆಟ್ಟಗೆ ನಿಲ್ಲುವುದಿಲ್ಲ, ಮುಂದಕ್ಕೆ ಬಾಗುತ್ತದೆ. ಮುಂದಿನ ರವದಿಯನ್ನು ಮುಟ್ಟುವ ಮೊದಲೇ ಕಾಯಿಸಿ ಒಣಗಿಸಿಬಿಡುತ್ತದೆ. ಉರಿಯುವ ಗರಿ ಬದು ಹಾರಿ ಪಕ್ಕದವರ ನಿಂತ ಕಬ್ಬಿನಲ್ಲಿ ಬೀಳುತ್ತದೆ. ಇದನ್ನು ಆಕಸ್ಮಿಕ ಎನ್ನುವುದು ಹೇಗೆ? ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮಿನಲ್ಲಿ ಬೆಂಕಿಯ ವಿಷಯದ ನಿರ್ಲಕ್ಷ್ಯಕ್ಕೆ ಆರು ತಿಂಗಳವರೆಗೆ ಸಜೆ ಇದೆ. ಗಾಳಿ ನೋಡಿದ್ದನೇ ಇಲ್ಲವೇ ಎಂದು ಕೇಳದೆ ನಿರ್ಲಕ್ಷ್ಯವನ್ನು ಅಳೆಯುವುದಾದರೂ ಹೇಗೆ?

ಇನ್ನೊಂದು ಮಗ್ಗುಲೂ ಇದೆ. ಜೋತುಬಿದ್ದ ಕರೆಂಟು ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಉದುರಿಸುವುದು ಗಾಳಿ ಜೋರಿದ್ದ ದಿನವೇ. ಪರಿಹಾರ ಕೇಳಲು ಹೋದ ರೈತನ ಕೈಯಲ್ಲಿರುವುದು ‘ಆಕಸ್ಮಿಕ’ ಎಂದು ಅಚ್ಚಾದ ತುಣುಕು. ಆ ಒಂದು ಪದ ಯಾರನ್ನು ಉಳಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸುಟ್ಟ ಕಬ್ಬಿಗೆ ಕಾರ್ಖಾನೆ ದರ ಕಡಿತ ಮಾಡುತ್ತದೆ, ತಡವಾದಷ್ಟೂ ಸಕ್ಕರೆ ಅಂಶವೂ ಇಳಿಯುತ್ತದೆ.

ಇಲಾಖೆಗಳು ಏನು ಮಾಡುತ್ತವೆ? ‘ಸುಡಬೇಡಿ’ ಎಂದು ಬ್ಯಾನರ್ ಕಟ್ಟುತ್ತವೆ. ಮಾತು ಸರಿ. ರವದಿಯನ್ನು ಹೊಲದಲ್ಲೇ ಮುಚ್ಚಿಗೆ ಮಾಡಿದರೆ ತೇವ ಉಳಿಯುತ್ತದೆ, ಮಣ್ಣಿಗೂ ಒಳ್ಳೆಯದು. ಆದರೆ ಪುಡಿ ಮಾಡುವ ಯಂತ್ರದ ಬಾಡಿಗೆ, ಕೂಲಿಯಾಳಿನ ಅಭಾವ ಬ್ಯಾನರಿಗೆ ಕಾಣುವುದಿಲ್ಲ. ಜನ ಸುಡುತ್ತಾರೆ. ಬೇಡ ಎಂದಿದ್ದಕ್ಕೆ ಕದ್ದು ಸುಡುತ್ತಾರೆ: ಪಕ್ಕದ ಹೊಲದವರಿಗೆ ಹೇಳದೆ, ಒಬ್ಬರೇ, ಕತ್ತಲಾದ ಮೇಲೆ. ರಾತ್ರಿ ಗಾಳಿ ತಣ್ಣಗಿರುತ್ತದೆ ನಿಜ, ಆದರೆ ಹೊಗೆ ಮೇಲೇರದೆ ನೆಲಕ್ಕೆ ಕವಿದು ರಸ್ತೆಗೆ ಹರಿಯುತ್ತದೆ. ಕೈ ಮೀರಿದರೆ ಕೂಗಿದವನ ದನಿ ಕೇಳುವವರಿಲ್ಲ. ಸುಡುವುದನ್ನು ಕಲಿಸಿದರೆ ಸುಡಲು ಒಪ್ಪಿಗೆ ಕೊಟ್ಟಂತಾಗುತ್ತದೆ ಎಂದು ಕೃಷಿ ಅಧಿಕಾರಿಯೊಬ್ಬರು ನಮಗೆ ಹೇಳಿದರು. ಈಗಿನ ಮೌನದಿಂದ ಸುಡುವುದೇನೂ ನಿಂತಿಲ್ಲವಲ್ಲ ಸ್ವಾಮಿ.

ಕಲಿಸಬೇಕಾದದ್ದು ಹೆಚ್ಚಿಲ್ಲ. ಬೆಳಿಗ್ಗೆ, ಇಬ್ಬನಿಯ ತೇವ ಪೂರ್ತಿ ಆರುವ ಮುನ್ನ. ಗಾಳಿ ಹೋಗುವ ಕಡೆಯ ಅಂಚಿನಲ್ಲಿ ರವದಿ ಗೋರಿ, ನೆಲ ಬರಿದು ಮಾಡಿ, ನೀರು ಹಾಯಿಸಬೇಕು. ಬೆಂಕಿಯನ್ನೂ ಆ ಅಂಚಿಗೇ ಹಚ್ಚಬೇಕು. ಆಗ ಅದು ಗಾಳಿಗೆ ಎದುರಾಗಿ, ಗಿಡ್ಡಗೆ, ನಿಧಾನಕ್ಕೆ ಹಿಂದೆ ಸರಿಯುತ್ತದೆ. ಕಪ್ಪಾದ ಪಟ್ಟಿ ಅಗಲವಾಗುತ್ತ ಹೋಗುತ್ತದೆ. ಗಾಳಿ ಬರುವ ಕಡೆಯಿಂದ ಹಚ್ಚಿದವನ ಬೆಂಕಿ ಓಡುತ್ತದೆ. ಗಾಳಿಯೇ ಇಲ್ಲದ ದಿನ ಒಳ್ಳೆಯದು ಎಂಬುದೂ ಪೂರ್ತಿ ನಿಜವಲ್ಲ. ಅಂಥ ದಿನ ಯಾವ ಗಳಿಗೆಯಲ್ಲಿ ಯಾವ ಕಡೆಯಿಂದ ಬೀಸೀತು ಎಂಬ ಅಂದಾಜು ಸಿಗುವುದಿಲ್ಲ. ಒಂದೇ ದಿಕ್ಕಿನ ತೆಳು ಗಾಳಿ ವಾಸಿ. ಹಿಡಿ ಮಣ್ಣು ತೂರಿದರೆ ಗೊತ್ತಾಗುತ್ತದೆ. ಕಣದಲ್ಲಿ ರಾಶಿ ತೂರಿದ ತಲೆಮಾರಿಗೆ ಇದನ್ನು ನಾವು ಹೇಳಿಕೊಡಬೇಕೇ? ಮರೆತದ್ದು ನಂತರದವರು. ಪೂರ್ತಿ ಆರುವವರೆಗೆ ಹೊಲ ಬಿಡಬಾರದು, ಬೂದಿಯಡಿಯ ಕೆಂಡವನ್ನು ಮಧ್ಯಾಹ್ನದ ಗಾಳಿ ಮತ್ತೆ ಎಬ್ಬಿಸುತ್ತದೆ.

ಕಾಡಂಚಿನಲ್ಲಿ ಇದೇ ಲೆಕ್ಕ ಇನ್ನೂ ಕಠಿಣ. ಗುಡ್ಡದ ಏರಿನಲ್ಲಿ ಬೆಂಕಿ ತಾನಾಗಿಯೇ ಮೇಲಕ್ಕೆ ಓಡುತ್ತದೆ, ಹಗಲಿನ ಗಾಳಿಯೂ ಏರಿನ ಕಡೆಗೇ ತಳ್ಳುತ್ತದೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಬಿಟ್ಟರು. 2019ರ ಫೆಬ್ರುವರಿಯಲ್ಲಿ ಅದೇ ಬಂಡೀಪುರದ ಸಾವಿರಾರು ಎಕರೆ ಸುಟ್ಟು, ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು. ಹಚ್ಚಿದವರು ಯಾರು ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಹಚ್ಚಿದವರನ್ನು ಹಿಡಿಯಲಿ, ಬೇಡ ಎನ್ನುವುದಿಲ್ಲ. ಆದರೆ ಒಂದು ಕಡ್ಡಿ ಸಾವಿರ ಎಕರೆ ಸುಡಲು ಒಣ ಲಂಟಾನ ಬೇಕು, ಗಾಳಿ ಬೇಕು.

ಮಾಹಿತಿ ಇಲ್ಲ ಎನ್ನುವಂತೆಯೂ ಇಲ್ಲ. ಹವಾಮಾನ ಇಲಾಖೆಯ ಕೃಷಿ ಬುಲೆಟಿನ್ ಪ್ರತಿ ಮಂಗಳವಾರ, ಶುಕ್ರವಾರ ಬರುತ್ತದೆ. ಅದರಲ್ಲಿ ಐದು ದಿನಗಳ ಗಾಳಿಯ ವೇಗ, ದಿಕ್ಕು ಎರಡೂ ಇವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳು ಗಾಳಿಯನ್ನು ಅಳೆಯುತ್ತಲೇ ಇವೆ. ಜಿಲ್ಲಾ ಪುಟದ ಮೂಲೆಯ ಚೌಕದಲ್ಲಿ ಮಾತ್ರ ಗರಿಷ್ಠ, ಕನಿಷ್ಠ, ಸೂರ್ಯೋದಯ, ಸೂರ್ಯಾಸ್ತ. ಫೆಬ್ರುವರಿಯಿಂದ ಮೂರು ತಿಂಗಳು ಅಲ್ಲಿ ಗಾಳಿಗೂ ಒಂದು ಸಾಲು ಕೊಡಿ ಎಂದು ಸಂಪಾದಕರನ್ನು ಕೇಳುತ್ತಿದ್ದೇವೆ. ಜಾಗವಿಲ್ಲ ಎಂಬ ಉತ್ತರ ಬೇಡ. ರಾಹುಕಾಲಕ್ಕೆ ದಿನವೂ ಜಾಗ ಸಿಗುತ್ತಿದೆ.