ಗಾಳಿ ಹಾಸಿಗೆ ಮನೆಗೊಂದು ಬೇಡ, ಪಂಚಾಯಿತಿಗೆ ನಾಲ್ಕು ಸಾಕು

ಲಕ್ವಾ ಹೊಡೆದವರು, ಸೊಂಟದ ಎಲುಬು ಮುರಿದ ಹಿರಿಯರು ಆಸ್ಪತ್ರೆಯಿಂದ ಮನೆಗೆ ಹೊರಟಾಗ ಡಾಕ್ಟರು ಏರ್ ಬೆಡ್ ತಗೊಳ್ಳಿ ಅಂತ ಹೇಳಿ ಕಳಿಸುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಳ್ಳಿಗಳಲ್ಲಿ ಈಗ ಮಕ್ಕಳು ಮೊದಲು ಹುಡುಕುವುದು ಮೊಬೈಲ್‌ನಲ್ಲಿ. ಅಲ್ಲಿ ಒಂದೇ ಹೆಸರಿನ ಎರಡು ವಸ್ತುಗಳಿವೆ. ದುಡ್ಡು ಹಾಳಾಗುವುದು ಇಲ್ಲೇ.

ಒಂದು, ಬೀಗರು ಬಂದಾಗ ಹಾಸುವ, ಪ್ರವಾಸಕ್ಕೆ ಒಯ್ಯುವ ಹಾಸಿಗೆ. ಒಮ್ಮೆ ಗಾಳಿ ತುಂಬಿದರೆ ಹಾಗೇ ಇರುತ್ತದೆ. ಇನ್ನೊಂದು ರೋಗಿಗಳದ್ದು. ಇದಕ್ಕೆ ಸದಾ ಓಡುವ ಸಣ್ಣ ಪಂಪ್ ಇದೆ. ಗುಳ್ಳೆಗಳ ಒಂದು ಸಾಲು ಉಬ್ಬಿದಾಗ ಪಕ್ಕದ ಸಾಲು ಇಳಿಯುತ್ತದೆ, ಸುಮಾರು 10 ನಿಮಿಷಕ್ಕೆ ಅದಲು ಬದಲಾಗುತ್ತದೆ. ಹೀಗಾಗಿ ಮೈಯ ಒಂದೇ ಜಾಗದ ಮೇಲೆ ಭಾರ ನಿಲ್ಲುವುದಿಲ್ಲ. ಭಾರ ನಿಂತಲ್ಲಿ ರಕ್ತ ಓಡಾಟ ಕಟ್ಟಿ ಚರ್ಮ ಸಾಯುತ್ತದೆ. ಅದೇ ಹಾಸಿಗೆ ಹುಣ್ಣು. ಅದು ಎಲುಬಿನ ತನಕ ಇಳಿದರೆ ಜೀವಕ್ಕೇ ಕುತ್ತು.

ಗುಳ್ಳೆ ಮಾದರಿಯ ಹಾಸಿಗೆ ಪಂಪ್ ಸಮೇತ ಸಾಮಾನ್ಯವಾಗಿ 2,000ದಿಂದ 4,000 ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಕೊಳವೆ ಮಾದರಿಗೆ ಬೆಲೆ ಹೆಚ್ಚು. ಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿ. ಎಷ್ಟು ಕಿಲೋ ಭಾರ ತಾಳುತ್ತದೆ? ಪಂಪ್‌ಗೆ ವಾರಂಟಿ ಎಷ್ಟು ದಿನ? ಪಂಪ್ ಕೆಟ್ಟರೆ ಅದೊಂದೇ ಬೇರೆ ಸಿಗುತ್ತದೋ? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಅಗ್ಗದ ಹಾಸಿಗೆಯೂ ದುಬಾರಿಯೇ.

ಕರೆಂಟ್ ಬಿಲ್ಲಿಗೆ ಹೆದರಬೇಡಿ. 7 ವ್ಯಾಟ್‌ನ ಪಂಪ್ ಹಗಲು ರಾತ್ರಿ ಓಡಿದರೂ ತಿಂಗಳಿಗೆ 5 ಯೂನಿಟ್ ಅಷ್ಟೇ. ಗೋಕಾಕ, ಮೂಡಲಗಿಯವರಿಗೆ ಹೆಸ್ಕಾಂ, ಹುಕ್ಕೇರಿಯವರಿಗೆ ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕರೆಂಟ್ ಕೊಡುತ್ತದೆ. ಯಾರು ಕೊಟ್ಟರೂ ತೋಟದ ಮನೆಯವರಿಗೆ ಕಾಡುವುದು ಬಿಲ್ಲಲ್ಲ, ಕರೆಂಟ್ ಹೋಗುವುದು. ಪಂಪ್ ನಿಂತರೆ ಗಾಳಿ ಮೆಲ್ಲಗೆ ಇಳಿಯುತ್ತದೆ. ಪೈಪ್ ಮುಚ್ಚಿ ಗಾಳಿ ಹಿಡಿದಿಡುವ ವ್ಯವಸ್ಥೆ ಇದೆಯೋ ಇಲ್ಲವೋ ಅಂಗಡಿಯಲ್ಲೇ ತೋರಿಸಲು ಹೇಳಿ.

ಮನೆಗೆ ತಂದ ಮೇಲೆ ನೆಲದ ಮೇಲೆ ಬರಿದೇ ಹಾಸಬೇಡಿ. ಕೆಳಗೆ ಮಾಮೂಲಿ ಗಾದಿ ಇರಲಿ, ಮೇಲೆ ತೆಳುವಾದ ಒಂದೇ ಹತ್ತಿ ಚಾದರ. ಮೆತ್ತಗಿರಲಿ ಅಂತ ಅದರ ಮೇಲೆ ಎರಡು ಕೌದಿ ಹಾಕಿದರೆ ಹಾಸಿಗೆ ಕೆಲಸ ಮಾಡುವುದಿಲ್ಲ. ರೋಗಿಯ ಸೊಂಟದ ಕೆಳಗೆ, ಗಾಳಿ ಹಾಸಿಗೆಯ ಅಡಿಗೆ ಅಂಗೈ ತೂರಿಸಿ ನೋಡಿ. ಎಲುಬು ಕೈಗೆ ತಾಗಿದಂತಾದರೆ ಗಾಳಿ ಸಾಲದು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದನ್ನಂತೂ ಯಾವ ಹಾಸಿಗೆಯೂ ತಪ್ಪಿಸುವುದಿಲ್ಲ. ಕೆಂಪಾದ ಜಾಗ ಒತ್ತಿದರೂ ಬಿಳಿಯಾಗದಿದ್ದರೆ ಹುಣ್ಣು ಶುರುವಾಗಿದೆ ಅಂತ ತಿಳಿಯಿರಿ. ಅಲ್ಲಿ ತಿಕ್ಕಬೇಡಿ, ನರ್ಸ್‌ಗೆ ತೋರಿಸಿ.

ಇಷ್ಟು ತಿಳಿದು ಕೊಂಡರೂ ಒಂದು ಮಾತು ಉಳಿಯುತ್ತದೆ. ಈ ಹಾಸಿಗೆ ಒಂದು ಮನೆಗೆ ಬೇಕಾಗುವುದು ಕೆಲವು ತಿಂಗಳು, ಹೆಚ್ಚೆಂದರೆ ಕೆಲವು ವರ್ಷ. ಆಮೇಲೆ ಅದು ಅಟ್ಟ ಸೇರುತ್ತದೆ. ಅದೇ ಓಣಿಯಲ್ಲಿ ಇನ್ನೊಬ್ಬರು ಮತ್ತೆ ಹೊಸದು ಕೊಳ್ಳುತ್ತಾರೆ, ಇಲ್ಲವೇ ಕೂಲಿಯ ದುಡ್ಡು ಸಾಲದೆ ಕೊಳ್ಳುವುದನ್ನೇ ಬಿಡುತ್ತಾರೆ. ಪ್ಲಾಸ್ಟಿಕ್ ಹಾಸಿಗೆ ಇದು. ಸೋಪಿನ ನೀರಿನಿಂದ ಒರೆಸಿ, ಬ್ಲೀಚಿಂಗ್ ದ್ರಾವಣದಿಂದ ಶುಚಿ ಮಾಡಿ ಒಣಗಿಸಿದರೆ ಇನ್ನೊಬ್ಬರು ಬಳಸಬಹುದು.

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಲಕ್ವಾದಿಂದ ಕೈಕಾಲು ಬಿದ್ದು ಮಲಗಿದವರೂ ಅದರ ಲೆಕ್ಕಕ್ಕೆ ಬರಬೇಕಾದವರೇ. ಒಂದಕ್ಕೆ 3,000 ರೂಪಾಯಿ ಹಿಡಿದರೂ ನಾಲ್ಕು ಹಾಸಿಗೆಗೆ 12,000 ರೂಪಾಯಿ. ಪಂಚಾಯಿತಿ ಅವನ್ನು ಕೊಂಡು ಇಟ್ಟು, ಪುನರ್ವಸತಿ ಕಾರ್ಯಕರ್ತರ ಕೈಯಲ್ಲಿ ಒಂದು ರಿಜಿಸ್ಟರ್ ಕೊಟ್ಟರೆ ಬೇಕಾದ ಮನೆಗೆ ಹೋಗಿ ಮರಳಿ ಬರುತ್ತವೆ. ನೆರೆ ಬಂದು ಮನೆ ಬಿಡಬೇಕಾದಾಗ ಯಾರ ಮನೆಯಲ್ಲಿ ಏಳಲಾಗದವರು ಇದ್ದಾರೆ ಅನ್ನುವುದೂ ಆ ರಿಜಿಸ್ಟರ್‌ನಲ್ಲೇ ಸಿಗುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ಗಟಾರ, ರಸ್ತೆಯ ಜೊತೆ ಇದನ್ನೂ ಕೇಳಿ. ಹಾಸಿಗೆ ಹಿಡಿದವರು ಸಭೆಗೆ ಬರಲಾರರು, ಅವರ ಪರವಾಗಿ ನೀವೇ ಎದ್ದು ನಿಲ್ಲಬೇಕು.